ಹಿಮದ ದಾರಿ, ಕೆಸರಿನ ದಾರಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸದ್ಭಕ್ತರ ಮನೆಗಳಿಗೆ ಹೋದಾಗ ಮಳೆ, ಬೆಳೆ, ಹೊಗೆಸೊಪ್ಪಿನ ದರ, ಮಕ್ಕಳ ವಿದ್ಯಾಭ್ಯಾಸ ಇವುಗಳ ಮಾತು ಬರುವುದು ವಾಡಿಕೆ. ಈಚೆಗೆ ಇವುಗಳ ಜೊತೆಗೆ ಹಿಮದ ಮಾತೂ ಸೇರಿಕೊಂಡಿದೆ. ಮಗನೋ ಮಗಳೋ ಕೆನಡಾ, ಅಮೆರಿಕ, ಜರ್ಮನಿಗಳಲ್ಲಿ ನೆಲೆಸಿರುವ ಮನೆಗಳಲ್ಲಿ ಕಾರ್ತಿಕ ಕಳೆಯಿತೆಂದರೆ ತಂದೆತಾಯಿಗಳಿಗೆ ಒಂದು ಆತಂಕ.

ಹುಣಸೂರಿನಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಲಿಂಗಪೂಜೆ ಮುಗಿಸಿ ಬಂದು ನಮ್ಮ ಬಳಿ ಕುಳಿತು, ಮನೆಯೊಳಗಿನ ವಾದವೊಂದನ್ನು ಮುಂದಿಟ್ಟರು. “ಶಾಸ್ತ್ರಿಗಳೇ, ನಮ್ಮ ಹುಡುಗ ಟೊರಾಂಟೊದಲ್ಲಿದ್ದಾನೆ. ಇರುವ ಕಾರಿಗೆ ಚಳಿಗಾಲದ ಟೈರು ಹಾಕಿಸಿದರೆ ಸಾಕು ಅನ್ನುತ್ತಾನೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ದೊಡ್ಡ ಗಾಡಿಯನ್ನೇ ಕೊಂಡುಕೋ, ದುಡ್ಡು ನಾನು ಕಳಿಸುತ್ತೇನೆ ಅಂತ ನಾನು. ಮೊಮ್ಮಗುವನ್ನು ಕೂರಿಸಿಕೊಂಡು ಓಡಾಡುವ ಗಾಡಿ. ಇಬ್ಬರಲ್ಲಿ ಯಾರ ಮಾತು ಸರಿ?”

ನಾವು ಕಲಿತದ್ದು ಮಠದ ಪಾಠಶಾಲೆಯಲ್ಲಿ, ಟೈರಿನ ಶಾಸ್ತ್ರವನ್ನಲ್ಲ. ಆದರೂ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡು, ನಾವೇ ಅನುಭವಿಸಿದ ಒಂದು ಸಂಗತಿಯನ್ನೂ ನೆನೆದು ಅವರಿಗೆ ಹೇಳಿದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಸಾಮಾನ್ಯ ಕಾರುಗಳಲ್ಲಿ ಎಂಜಿನ್ನಿನ ಬಲವು ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಅದು ನಾಲ್ಕಕ್ಕೂ ಹಂಚಿಕೆಯಾಗುವುದರಿಂದ ಹೂತುಹೋದ ಗಾಡಿ ಮೇಲೇಳುತ್ತದೆ, ಏರು ಹತ್ತುತ್ತದೆ. ಆದರೆ ಬ್ರೇಕು ಯಾವ ಕಾರಿನಲ್ಲೇ ಆಗಲಿ ಮೊದಲಿನಿಂದಲೂ ನಾಲ್ಕು ಚಕ್ರಗಳಿಗೂ ಇದೆ. ಆದುದರಿಂದ ನಿಲ್ಲಿಸುವ ವೇಳೆಯಲ್ಲಿ ನಾಲ್ಕು ಚಕ್ರ ಚಾಲನೆಯಿಂದ ಹೆಚ್ಚಿನ ಪ್ರಯೋಜನವೇನೂ ಇಲ್ಲ. ತಿರುವಿನಲ್ಲಿ ಜಾರದೆ ಉಳಿಯುವುದೂ ಮುಖ್ಯವಾಗಿ ಟೈರಿನ ಹಿಡಿತದಿಂದಲೇ.

ಇನ್ನು ಟೈರಿನ ವಿಚಾರ. ಉಷ್ಣತೆಯು ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಸಾಮಾನ್ಯ ಬೇಸಿಗೆ ಟೈರಿನ ರಬ್ಬರು ಬಿರುಸಾಗಿ ರಸ್ತೆಯನ್ನು ಹಿಡಿಯುವ ಗುಣ ಕುಗ್ಗುತ್ತದೆ. ಚಳಿಗಾಲದ ಟೈರಿನ ರಬ್ಬರಾದರೋ ಆ ಚಳಿಯಲ್ಲಿಯೂ ಮೆದುವಾಗಿರುವಂತೆ ಮಾಡಿದ್ದು. ಅದರ ಮೈಮೇಲೆ ಹಿಮವನ್ನು ಕಚ್ಚುವ ಸಣ್ಣ ಸಣ್ಣ ಸೀಳುಗಳಿರುತ್ತವೆ. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು, ಇದು ಅಂತಹ ಟೈರಿನ ಪಕ್ಕದಲ್ಲಿರುವ ಗುರುತು. ನಾಲ್ಕಕ್ಕೆ ನಾಲ್ಕೂ ಅದೇ ಜಾತಿಯವಾಗಿರಬೇಕು. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿ ಹಣ ಉಳಿಸಿದೆನೆಂದರೆ ಹಿಂಭಾಗ ಜಾರಿ ಗಾಡಿಯೇ ತಿರುಗಿಬೀಳಬಹುದು.

ಕೆನಡಾದ ಕ್ವಿಬೆಕ್ ಪ್ರಾಂತ್ಯವು 2008ರಿಂದ ಚಳಿಗಾಲದ ಟೈರನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿದೆ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಈ ನಿಯಮ. ಟೊರಾಂಟೊ ಇರುವ ಒಂಟಾರಿಯೊದಲ್ಲಿ ಕಾರುಗಳಿಗೆ ಇಂತಹ ಕಡ್ಡಾಯವಿಲ್ಲ; ಆದರೆ ಈ ಟೈರು ಹಾಕಿಸಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಬೇಕೆಂದು 2016ರಿಂದ ನಿಯಮವಿದೆ. ಕ್ವಿಬೆಕ್ಕಿನ ಕಾನೂನು ಟೈರನ್ನು ಕೇಳುತ್ತದೆಯೇ ಹೊರತು ನಾಲ್ಕು ಚಕ್ರ ಚಾಲನೆಯನ್ನು ಕೇಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಇಷ್ಟನ್ನು ಕೇಳಿಯೂ ಮೇಷ್ಟರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಗ ನಮ್ಮ ಅನುಭವವನ್ನು ಹೇಳಬೇಕಾಯಿತು.

ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ಹೆಗ್ಗಡದೇವನಕೋಟೆ ಕಡೆಯ ಒಂದು ಹಳ್ಳಿಗೆ ಶಿವಗಣಾರಾಧನೆಯ ನಿಮಿತ್ತ ಹೊರಟಿದ್ದೆವು. ಭಕ್ತರೊಬ್ಬರು ತಮ್ಮ ಜೀಪಿನಲ್ಲಿ ನಮ್ಮನ್ನೂ, ತಮ್ಮ ವೃದ್ಧ ತಾಯಿಯವರನ್ನೂ ಕರೆದೊಯ್ದರು. ಅದು ನಾಲ್ಕು ಚಕ್ರ ಚಾಲನೆಯ ಜೀಪು. ಕೆಂಪು ಮಣ್ಣಿನ ಏರಿನಲ್ಲಿ ಬೇರೆ ಗಾಡಿಗಳು ನಿಂತುಬಿಟ್ಟಿದ್ದವು. ಇವರು ಗೇರಿನ ಪಕ್ಕದ ಸಣ್ಣ ಲಿವರನ್ನು ಹಾಕಿದರು. ಜೀಪು ಸಲೀಸಾಗಿ ಹತ್ತಿತು. ಅವರಿಗೆ ಹೆಮ್ಮೆ, ನಮಗೂ ಮೆಚ್ಚುಗೆ. ಏರು ಮುಗಿದ ಮೇಲೆ ಇಳಿಜಾರು. ಕೆಳಗೆ ಹಳ್ಳದ ಮೋರಿ. ಅವರು ಬ್ರೇಕು ತುಳಿದರು. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಜಾರುತ್ತಾ ಹೋಗಿ ಬದುವಿಗೆ ಬಡಿಯಿತು. ಮೋರಿಯ ಆಚೆ ನೀರು ತುಂಬಿ ಹರಿಯುತ್ತಿತ್ತು. ನಾಲ್ಕು ಮೊಳ ಮುಂದೆ ಹೋಗಿದ್ದರೆ ಈ ಲೇಖನ ಬರೆಯಲು ನಾವಿರುತ್ತಿರಲಿಲ್ಲ. ತಾಯಿಯವರ ಮುಂಗೈ ಮುರಿಯಿತು. ಮಳೆ ನಿಂತ ಮೇಲೆ ನೋಡಿದರೆ ಹಿಂದಿನ ಟೈರುಗಳೆರಡೂ ಅಂಗೈಯಂತೆ ನುಣುಪಾಗಿದ್ದವು. “ಸೊಪ್ಪು ಮಾರಿದ ಮೇಲೆ ಹಾಕಿಸೋಣ ಅಂತ ಇದ್ದೆ ಬುದ್ಧಿ” ಎಂದು ಅವರು ಕಣ್ಣೀರು ಹಾಕಿದರು. ತಪ್ಪು ಅವರೊಬ್ಬರದೇ ಅಲ್ಲ. ಹತ್ತುವ ಮುನ್ನ ಒಮ್ಮೆ ಬಗ್ಗಿ ನೋಡುವ ಬುದ್ಧಿ ನಮಗೂ ಬರಲಿಲ್ಲ.

ಈ ಜೀಪು ಹತ್ತಿದ್ದು ಎಷ್ಟು ನಿಜವೋ ನಿಲ್ಲದೆ ಹೋದದ್ದೂ ಅಷ್ಟೇ ನಿಜ. ಹತ್ತಿಸುವ ಬಲವು ಚಾಲಕನಲ್ಲಿ ಹುಸಿ ಧೈರ್ಯ ತುಂಬುತ್ತದೆ. ಹಿಮದ ನಾಡಿನಲ್ಲಿಯೂ ಇದೇ ಅಪಾಯ: ಗಾಡಿ ಸುಲಭವಾಗಿ ಹೊರಟಿತೆಂಬ ಕಾರಣಕ್ಕೆ ರಸ್ತೆ ಜಾರುತ್ತಿಲ್ಲವೆಂದು ಭ್ರಮಿಸುವುದು.

ನಮ್ಮ ರೈತರಿಗೆ ಈ ತತ್ತ್ವ ಹೊಸದಲ್ಲ. ಕೃಷ್ಣರಾಜನಗರದ ಕಡೆ ಭತ್ತದ ಗದ್ದೆಯನ್ನು ಕೆಸರು ಮಾಡುವಾಗ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಜೋಡಿಸುತ್ತಾರೆ. ಗದ್ದೆ ಬದಲಾಯಿತೆಂದು ಎಂಜಿನ್ ಬದಲಿಸುವುದಿಲ್ಲ, ಚಕ್ರ ಬದಲಿಸುತ್ತಾರೆ. ಗಾಡಿ ಹೂಡಿಕೊಂಡು ಚುಂಚನಕಟ್ಟೆಯ ಜಾತ್ರೆಗೆ ಹೊರಡುವ ಕಾಲದಲ್ಲಿ ಹಿರಿಯರು ಎತ್ತಿನ ಲಾಳವನ್ನು ನೋಡುತ್ತಿದ್ದುದೂ ಇದೇ ವಿವೇಕದಿಂದ.

ಹಾಗೆಂದು ನಾಲ್ಕು ಚಕ್ರ ಚಾಲನೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಹಿಮ ತೆಗೆಯದ ಹಳ್ಳಿ ರಸ್ತೆ, ಕಡಿದಾದ ಏರು, ಕೆಸರಿನ ತೋಟದ ದಾರಿ ಇವುಗಳಲ್ಲಿ ಅದು ದೊಡ್ಡ ಸಹಾಯ. ಹಿಮಾಚಲದ ಮನಾಲಿಯಲ್ಲಿ ಹಿಮ ಹೆಚ್ಚಾಗಿ ಬಿದ್ದಾಗ, 2020ರಲ್ಲಿ ತೆರೆದ ಅಟಲ್ ಸುರಂಗದ ಕಡೆಗೆ ಅಂತಹ ವಾಹನಗಳನ್ನು ಅಥವಾ ಚಕ್ರಕ್ಕೆ ಸರಪಳಿ ಕಟ್ಟಿದವುಗಳನ್ನು ಮಾತ್ರ ಬಿಡುವುದುಂಟು. ಎರಡೂ ಇದ್ದರೆ ಉತ್ತಮ. ಒಂದಕ್ಕೇ ಹಣವಿದ್ದರೆ ಮೊದಲು ಟೈರು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಿಮವಿಲ್ಲ, ಮುಂಗಾರು ಉಂಟು. ಕೊಡಗು, ವಯನಾಡುಗಳ ಮಗ್ಗುಲಲ್ಲಿರುವ ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ಪಶ್ಚಿಮ ಭಾಗಕ್ಕೆ ಮಳೆ ಹೆಚ್ಚು. ಆದುದರಿಂದ ಮೃಗಶಿರಾ ಮಳೆಗೆ ಮುನ್ನ ಪ್ರತಿ ಮನೆಯವರೂ ಗಾಡಿಯ ಬಳಿ ಕುಳಿತು ನೋಡಬೇಕಾದುದಿಷ್ಟು. ಟೈರಿನ ಗೀರುಗಳ ಒಳಗೆ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಕಾರಿನ ಟೈರಿನಲ್ಲಿ ಉಳಿದಿರುವ ಆಳ 1.6 ಮಿಲಿಮೀಟರ್ ಮಾತ್ರ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಗೀರಿಲ್ಲದ ಟೈರು ನೀರನ್ನು ಹೊರಗೆ ತಳ್ಳಲಾರದು. ವೇಗ ಹೆಚ್ಚಿದರೆ ನೀರಿನ ಪದರದ ಮೇಲೆ ತೇಲುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ. ಹೆಚ್ಚು ಓಡದ ಗಾಡಿಯ ಟೈರೂ ವಯಸ್ಸಿನಿಂದ ಒಣಗಿ ಸೀಳುತ್ತದೆ. ತಿಂಗಳಿಗೊಮ್ಮೆ ಗಾಳಿ ನೋಡಿಸಬೇಕು, ಸ್ಟೆಪ್ನಿಯದೂ ಸೇರಿ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆಂಬುದನ್ನು ಮನೆಯ ಯುವಕರಿಗೆ ತಿಳಿಸಿ ಹೇಳಬೇಕು.

ಮೇಷ್ಟರು ಎದ್ದು ಹೊರಟಾಗ, “ಹಾಗಾದರೆ ಹುಡುಗನೇ ಗೆದ್ದ” ಎಂದು ನಕ್ಕರು. ಆ ರಾತ್ರಿಯೇ ಟೊರಾಂಟೊಗೆ ಫೋನು ಮಾಡಿ, ನಾಲ್ಕು ಟೈರಿನ ಹಣ ತಾತನದೆಂದು ಹೇಳಿದರಂತೆ. ಮರುದಿನ ತಮ್ಮ ಹಳೆಯ ಕಾರನ್ನೂ ಟೈರಿನ ಅಂಗಡಿಗೆ ಒಯ್ದರೆಂದು ತಿಳಿದು ನಮಗೆ ಇನ್ನೂ ಸಂತೋಷವಾಯಿತು.

ಕಾಯಕವೆಂದರೆ ಹೊಲ, ಕಚೇರಿಗಳ ದುಡಿಮೆ ಮಾತ್ರವಲ್ಲ. ನಮ್ಮನ್ನು ನಂಬಿ ಗಾಡಿಯಲ್ಲಿ ಕುಳಿತವರನ್ನು ಸುರಕ್ಷಿತವಾಗಿ ಮನೆ ಸೇರಿಸುವುದೂ ಕಾಯಕವೇ. ಹೊರಡುವ ಮುನ್ನ ವಿಭೂತಿ ಧರಿಸಿ ಶಿವನನ್ನು ನೆನೆಯುವ ನಾವು, ಬಗ್ಗಿ ಚಕ್ರವನ್ನೂ ಒಮ್ಮೆ ನೋಡೋಣ.