ಎಂಟು ಗಂಟೆ ಕಡಿಮೆ

ಹೋದ ವರ್ಷ ಮಳೆಗಾಲದಲ್ಲಿ ನಮ್ಮೂರಿನ ಪದವಿ ಕಾಲೇಜಿನ ಪ್ರಿನ್ಸಿಪಾಲರು ಮನೆಗೆ ಬಂದರು. "ಎನ್ನೆಸ್ಸೆಸ್ ಪ್ರಶಸ್ತಿಗೆ ನಮ್ಮಲ್ಲಿಂದ ಒಬ್ಬರ ಹೆಸರು ಕಳಿಸಬೇಕು ಸಾರ್. ಐದು ಮಕ್ಕಳು ಅರ್ಜಿ ಕೊಟ್ಟಿದ್ದಾರೆ. ನಾವೇ ಆರಿಸಿದರೆ ನಾಳೆ ಮಾತು ಬರುತ್ತೆ. ಹೊರಗಿನವರು ಇಬ್ಬರು ಇರಲಿ" ಎಂದರು. ಒಬ್ಬರು ನಿವೃತ್ತ ಹೈಸ್ಕೂಲ್ ಟೀಚರಮ್ಮ, ಇನ್ನೊಬ್ಬ ನಾನು. ಕಾಲೇಜಿನ ಪರವಾಗಿ ಒಬ್ಬರು ಉಪನ್ಯಾಸಕರು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನನ್ನು ತೀರ್ಪುಗಾರ ಅಂತ ಅದುವರೆಗೆ ಯಾರೂ ಕರೆದಿರಲಿಲ್ಲ. ಒಪ್ಪಿಕೊಂಡೆ. ಒಳಗೊಳಗೇ ಹಿಗ್ಗಿದೆ ಕೂಡ.

"ಎನ್ನೆಸ್ಸೆಸ್ ಅಂದ್ರೆ ಶನಿವಾರ ಕಾಲೇಜು ಕಸ ಗುಡಿಸೋದು ತಾನೇ ತಾತ?" ಎಂದ ಮೊಮ್ಮಗ. ಹಾಗೆ ತಿಳಿದವರು ಬಹಳ ಜನ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅದನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ರಾವ್ ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು. ಮೊದಲ ವರ್ಷ ಸುಮಾರು 40 ಸಾವಿರ ವಿದ್ಯಾರ್ಥಿಗಳಿದ್ದರು. ಈಗ ಲಕ್ಷಗಳ ಲೆಕ್ಕ. 'ನನಗಲ್ಲ, ನಿನಗೆ' ಎಂಬುದು ಅವರ ಧ್ಯೇಯವಾಕ್ಯ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಕೋನಾರ್ಕದ ಸೂರ್ಯ ದೇವಾಲಯದ ರಥದ ಚಕ್ರವಿದೆ. ಅದರ ಎಂಟು ಅರಗಳು ದಿನದ ಇಪ್ಪತ್ನಾಲ್ಕು ಗಂಟೆಗಳ ಗುರುತು.

ಗಂಟೆಯ ಲೆಕ್ಕ ಇಲ್ಲಿ ಮುಖ್ಯ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ. ರಾಷ್ಟ್ರಪ್ರಶಸ್ತಿ ಶುರುವಾದದ್ದು 1993-94ರಲ್ಲಿ, ಯೋಜನೆಯ ಬೆಳ್ಳಿಹಬ್ಬದ ಹೊತ್ತಿಗೆ. ಕಾಲೇಜಿನಿಂದ ಹೊರಟ ಕಡತ ವಿಶ್ವವಿದ್ಯಾಲಯ, ರಾಜ್ಯದ ಆಯ್ಕೆ ಸಮಿತಿ ಎಂದು ಮೆಟ್ಟಿಲು ಹತ್ತಿ ದೆಹಲಿ ಸೇರಬೇಕು. ಇಡೀ ದೇಶದಿಂದ ಆಯ್ಕೆಯಾಗುವ ಸ್ವಯಂಸೇವಕರು ಇತ್ತೀಚಿನ ವರ್ಷಗಳಲ್ಲಿ ಮೂವತ್ತೇ ಜನ. ಪ್ರಶಸ್ತಿ ಕೊಡುವವರು ರಾಷ್ಟ್ರಪತಿಗಳು. ನಮ್ಮದು ಕಟ್ಟಕಡೆಯ ಮೆಟ್ಟಿಲು. ಆದರೆ ಇಲ್ಲೇ ಬದಿಗಿಟ್ಟ ಕಡತವನ್ನು ಮೇಲಿನವರು ಕಣ್ಣಿನಿಂದಲೂ ನೋಡುವುದಿಲ್ಲವಲ್ಲ!

ಐದು ಕಡತಗಳಲ್ಲಿ ಒಂದು ಮದುವೆ ಆಲ್ಬಮ್ಮಿನಷ್ಟು ದಪ್ಪ. ಬಣ್ಣದ ಫೋಟೊ, ಪತ್ರಿಕೆಯ ತುಣುಕು, ಪ್ರಮಾಣಪತ್ರ. ಬ್ಯಾಂಕಿನಲ್ಲಿ ವೋಚರ್ ನೋಡಿ ನೋಡಿ ಪಳಗಿದ ಕಣ್ಣು ನನ್ನದು. ಮೂರು ಬೇರೆ ಬೇರೆ ತಾರೀಕು ಬರೆದಿದ್ದ ಗಿಡ ನೆಡುವ ಫೋಟೊಗಳಲ್ಲಿ ಒಂದೇ ಚೌಕಳಿ ಅಂಗಿ, ಒಂದೇ ಗುಂಡಿ! ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ.

ಇನ್ನೊಂದು ಕಡತದಲ್ಲಿ ಇದ್ದದ್ದು ನಾಲ್ಕೇ ಹಾಳೆ. ಅರ್ಜಿದಾರಳು ಐದನೇ ಸೆಮಿಸ್ಟರಿನ ಹುಡುಗಿ. 'ಅಂಚೆ ಕಚೇರಿಯಲ್ಲಿ ಅನಕ್ಷರಸ್ಥರಿಗೆ ಫಾರಂ ತುಂಬಿಕೊಟ್ಟದ್ದು, 2 ಗಂಟೆ' ಎಂಬ ಸಾಲೇ ಮತ್ತೆ ಮತ್ತೆ. ಫೋಟೊ ಒಂದೂ ಇಲ್ಲ. ನಾವು ಮಾಡಿಕೊಂಡಿದ್ದ ಅಂಕಪಟ್ಟಿಯಲ್ಲಿ ವನಮಹೋತ್ಸವ, ರಕ್ತದಾನ, ಸ್ವಚ್ಛತೆ, ಶಿಬಿರ ಎಂದು ಕಾಲಂಗಳಿದ್ದವು. ಅವಳ ಕೆಲಸ ಯಾವುದರಲ್ಲೂ ಕೂರಲಿಲ್ಲ; ಕೊನೆಗೆ 'ಇತರೆ'ಗೆ ಹಾಕಿದೆವು. ಬ್ಯಾಂಕಿನಲ್ಲಿ ಯಾವ ಖಾತೆಗೆ ಸೇರಿದ್ದೆಂದು ತಿಳಿಯದ ಹಣವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿಡುತ್ತೇವೆ. ಹಾಗೇ. ಗಂಟೆಗಳನ್ನು ಕೂಡಿದೆ. 232. ಎರಡು ಸಲ ಕೂಡಿದರೂ 232. "ಎಂಟು ಕಡಿಮೆ ಇದೆ, ನಿಯಮದ ಪ್ರಕಾರ ಬರೋದಿಲ್ಲ" ಎಂದೆ. ಕಡತವನ್ನು ಬದಿಗಿಟ್ಟೆವು. ನಿಜ ಹೇಳಬೇಕೆಂದರೆ ಒಂದು ಕೆಲಸ ಕಡಿಮೆಯಾಯಿತು ಎನಿಸಿತು.

ಮರುವಾರ ಆರ್.ಡಿ. ಕಟ್ಟಲು ಅಂಚೆ ಕಚೇರಿಗೆ ಹೋಗಿದ್ದೆ. ತಿಂಗಳ ಮೊದಲ ವಾರ. ವೃದ್ಧಾಪ್ಯ ಪಿಂಚಣಿಯವರ ಸಾಲು ಗೇಟಿನವರೆಗೂ ಇತ್ತು. ಜಗಲಿಯ ಕಲ್ಲುಬೆಂಚಿನ ಮೇಲೆ ಆ ಹುಡುಗಿ ಕೂತಿದ್ದಳು. ಎನ್ನೆಸ್ಸೆಸ್ ಬ್ಯಾಡ್ಜು ಕಂಡು ಗುರುತಿಸಿದೆ. ಫಾರಂ ಬರೆಯುವ ಮುಂಚೆ "ಎಷ್ಟು ತೆಗೀಬೇಕವ್ವಾ? ಅಷ್ಟೂ ಯಾಕೆ?" ಎಂದು ಕೇಳುತ್ತಾಳೆ. ಹಣ ಬಂದ ಮೇಲೆ ಎದುರಿಗೇ ಎಣಿಸಿ ತೋರಿಸುತ್ತಾಳೆ. ಉಳಿದ ಮೊತ್ತವನ್ನು ಚೀಟಿಯಲ್ಲಿ ಬರೆದು ಪಾಸ್‌ಬುಕ್ಕಿನೊಳಗೆ ಇಡುತ್ತಾಳೆ, ಮನೆಯಲ್ಲಿ ಮೊಮ್ಮಕ್ಕಳು ಓದಿ ಹೇಳಲೆಂದು. ಪಕ್ಕದಲ್ಲಿ ಒಬ್ಬ ಅಜ್ಜಿ ಸ್ಲೇಟು ಹಿಡಿದು ತನ್ನ ಹೆಸರನ್ನೇ ತಿದ್ದುತ್ತಿತ್ತು.

ಅದು ಏನೆಂದು ಪೋಸ್ಟ್‌ಮಾಸ್ಟರನ್ನು ಕೇಳಿದೆ. "ಸಾಲಲ್ಲಿ ಕಾಯೋವಾಗ ರುಜು ಕಲಿಸ್ತಾಳೆ ಸಾರ್. ಹನ್ನೊಂದು ಜನ ಹೆಬ್ಬೆಟ್ಟು ಬಿಟ್ಟು ರುಜು ಮಾಡ್ತಿದ್ದಾರೆ. ಮಾದರಿ ಸಹಿ ಎಲ್ಲಾ ಹೊಸದಾಗಿ ತೆಗೆದುಕೊಂಡಿದ್ದೀನಿ" ಎಂದರು.

ಹೆಬ್ಬೆಟ್ಟಿನವರಿಗೆ ಹಣ ತೆಗೆಯಲು ಸಾಕ್ಷಿ ಬೇಕು. ಸಾಕ್ಷಿಗೆ ಬಂದವನಿಗೆ ಒಂದು ಕಾಫಿ, ಕೆಲವೊಮ್ಮೆ ಇಪ್ಪತ್ತು ರೂಪಾಯಿ. ರುಜು ಬಂದರೆ ಆ ಹಂಗಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೌಂಟರಿನಲ್ಲಿ ಕೂತು "ತುಂಬಿಸಿಕೊಂಡು ಬನ್ನಿ" ಎಂದು ಫಾರಂ ವಾಪಸ್ಸು ತಳ್ಳಿದವನು ನಾನೇ. ಒಮ್ಮೆ ಒಬ್ಬ ಮುದುಕಿಯ ಚೀಟಿಯಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗಲಿಲ್ಲವೆಂದು ಎರಡು ಸಲ ತಿರುಗಿಸಿ ಕಳಿಸಿದೆ. ಮೂರನೇ ಸಲ ಬರುವಷ್ಟರಲ್ಲಿ ಎರಡು ಗಂಟೆ ಹೊಡೆದಿತ್ತು, ಕೌಂಟರ್ ಮುಚ್ಚಿದೆ. "ಮಗಳನ್ನ ಆಸ್ಪತ್ರೆಗೆ ಸೇರಿಸೀನಿ ಮಗಾ" ಎಂದಿತು ಆ ಜೀವ. ನಾಳೆ ಬನ್ನಿ ಎಂದೆ. ನಿಯಮದಲ್ಲಿ ನನ್ನ ತಪ್ಪೇನೂ ಇರಲಿಲ್ಲ.

ಹುಡುಗಿಯನ್ನು ಕೇಳಿದೆ, "ರುಜು ಕಲಿಸಿದ್ದನ್ನ ಯಾಕಮ್ಮ ಬರೆದಿಲ್ಲ?" "ಅದೇನು ಕೆಲಸಾನಾ ಸಾರ್? ಸುಮ್ಮನೆ ಮಾತಾಡ್ತಾ ಮಾತಾಡ್ತಾ ಹೇಳಿಕೊಟ್ಟಿದ್ದು" ಎಂದಳು.

ಎರಡನೇ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಎಂಟು ಗಂಟೆ ಅಲ್ಲ, ಎಂಬತ್ತು ಗಂಟೆ ಸೇರಿಸಬಹುದು ಎಂದೆ. ಉಪನ್ಯಾಸಕರು ಸಮಾಧಾನದಿಂದಲೇ ಉತ್ತರಿಸಿದರು: "ಕಾರ್ಯಕ್ರಮಾಧಿಕಾರಿ ಸಹಿ ಹಾಕಿ ಮುಚ್ಚಿದ ಪುಸ್ತಕ ಸಾರ್ ಅದು. ಈಗ ಸೇರಿಸಿದರೆ ತಿದ್ದಿದ ಹಾಗೆ. ನೀವಾದರೆ ಬ್ಯಾಂಕಿನ ಲೆಡ್ಜರ್ ತಿದ್ದುತ್ತಿದ್ದಿರಾ? ಮತ್ತೆ, ನೀವು ಹೋಗಿ ನೋಡಿದ್ದು ಒಬ್ಬಳನ್ನ. ಉಳಿದ ನಾಲ್ವರು?" ನನ್ನ ಬಾಯಿ ಕಟ್ಟಿತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಹಾಗಾಗಿ ಉಳಿದವರ ಕೆಲಸವನ್ನೂ ಹೋಗಿ ನೋಡಿದೆವು. ದಪ್ಪ ಕಡತದ ಹುಡುಗ ಇನ್ನೂರು ಗಿಡ ನೆಟ್ಟಿದ್ದೇನೆಂದು ಬರೆದಿದ್ದ. ಕೆರೆ ಏರಿಯ ಮೇಲೆ ಟೀಚರಮ್ಮ ಕೊಡೆ ಊರಿಕೊಂಡು ಒಂದೊಂದೇ ಎಣಿಸಿದರು, ಬದುಕಿದ್ದವು ಅರವತ್ತಮೂರು. ಪ್ರತಿಯೊಂದಕ್ಕೂ ಮುಳ್ಳಿನ ಬೇಲಿ, ಬುಡದಲ್ಲಿ ತೇವ. ಫೋಟೊ ವಿಷಯ ಕೇಳಿದಾಗ ಹುಡುಗ ತಲೆ ತಗ್ಗಿಸಿದ. ಆಲ್ಬಮ್ ಮಾಡಿದ್ದು ಸ್ಟುಡಿಯೊ ಇಟ್ಟಿರುವ ಅವನ ಮಾವ. "ಬೇಸಿಗೇಲಿ ಸೈಕಲ್ ಮೇಲೆ ನೀರು ಹೊತ್ತಿದ್ದೀನಿ ಸಾರ್, ಅದರ ಫೋಟೊ ಯಾರೂ ತೆಗೀಲಿಲ್ಲ" ಎಂದ. ತೋರಿಸಿದ ಅಂಗೈಯಲ್ಲಿ ಜಡ್ಡು ಕಟ್ಟಿತ್ತು. ಅವನ ಮೇಲೆ ನಾನು ಹಾಕಿದ್ದ ಪೆನ್ಸಿಲ್ ಗುರುತಿನ ಬಗ್ಗೆ ನಾಚಿಕೆಯಾಯಿತು.

ಮಂಗಳೂರಿನ ಹರೇಕಳ ಹಾಜಬ್ಬರ ನೆನಪಾಯಿತು. ಕಿತ್ತಳೆ ಮಾರಿ ಉಳಿಸಿದ ಹಣದಲ್ಲಿ ಊರಿಗೆ ಶಾಲೆ ತಂದವರು. ತಾವು ಶಾಲೆಗೆ ಹೋದವರಲ್ಲ. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಪದ್ಮ ಪ್ರಶಸ್ತಿಗೆ ಯಾರ ಹೆಸರನ್ನು ಯಾರು ಬೇಕಾದರೂ ಸೂಚಿಸಬಹುದು. ಸಾಧನೆಯ ವಿವರ 800 ಪದ ಮೀರಬಾರದು, ಅಷ್ಟೆ. ಹಾಜಬ್ಬರ ಕೆಲಸವನ್ನು ಕಂಡು ಬರೆದವರು ಯಾರೋ ಇದ್ದರು. ನಮ್ಮ ಹುಡುಗಿಗೆ ಇರಲಿಲ್ಲ.

ಹುಡುಗನ ಕಡತವನ್ನೇ ಕಳಿಸಿದೆವು. ಆ ಮೂರು ಫೋಟೊ ತೆಗೆಸಿ, ಇನ್ನೂರರ ಜಾಗದಲ್ಲಿ ಅರವತ್ತಮೂರು ಎಂದು ಬರೆಸಿದೆವು. ನಾನೂ ಸಹಿ ಹಾಕಿದೆ. ಅದು ವಿಶ್ವವಿದ್ಯಾಲಯದಿಂದ ಮುಂದಕ್ಕೆ ಹೋಗಲಿಲ್ಲ. ಇನ್ನೂರು ಎಂದೇ ಬಿಟ್ಟಿದ್ದರೆ ಹೋಗುತ್ತಿತ್ತೇನೋ ಎಂದು ಟೀಚರಮ್ಮ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ.

ಹುಡುಗಿಗೆ ಒಂದು ಲಾಂಗ್ ನೋಟ್‌ಬುಕ್ ತಂದುಕೊಟ್ಟೆ. ತಾರೀಕು, ಬಂದ ಸಮಯ, ಹೋದ ಸಮಯ, ಮಾಡಿದ ಕೆಲಸ ಎಂದು ನಾನೇ ಗೆರೆ ಹಾಕಿದ್ದೆ. ಮೊನ್ನೆ ಹೋದಾಗ ನೋಡಿದೆ: ಮೊದಲ ಎರಡು ಪುಟ ತುಂಬಿವೆ, ಆಮೇಲೆ ಖಾಲಿ. ಹಿಂದಿನ ಹಾಳೆಗಳಲ್ಲೆಲ್ಲ ಅಜ್ಜಿಯರು ರುಜು ತಿದ್ದಿದ್ದರು. ಬೈಯಬೇಕೆಂದುಕೊಂಡೆ. ಅಷ್ಟರಲ್ಲಿ ನಾನು ಕನ್ನಡಕಕ್ಕೆ ಜೇಬು ತಡಕುವುದನ್ನು ಅವಳು ನೋಡಿದಳು.

"ಕೊಡಿ ತಾತ, ನಿಮ್ಮದೂ ತುಂಬ್ತೀನಿ" ಎಂದಳು. ಕೊಟ್ಟೆ.