ಸರಕಿನ ಸರಪಳಿ ಮತ್ತು ತಡವಾದ ಸುದ್ದಿ

ಮಾಳಿಗೆಯ ಮೇಲೆ ಸೌರ ಜಲತಾಪಕವುಳ್ಳ ಮನೆಗಳಲ್ಲಿ ಸ್ನಾನ ಮಾಡುವವರಿಗೆಲ್ಲ ಈ ಅನುಭವವುಂಟು. ಬಿಸಿನೀರಿನ ನಲ್ಲಿಯನ್ನು ತಿರುಗಿಸಿದರೆ ಮೊದಲು ಬರುವುದು ತಣ್ಣೀರೇ. ಇನ್ನೂ ಸ್ವಲ್ಪ ತಿರುಗಿಸುತ್ತೇವೆ, ಆಗಲೂ ತಣ್ಣೀರೇ. ತಾಳ್ಮೆಗೆಟ್ಟು ಪೂರ್ತಿಯಾಗಿ ತಿರುಗಿಸಿಬಿಡುತ್ತೇವೆ. ಸ್ವಲ್ಪ ಹೊತ್ತಿನಲ್ಲಿ ಮೈ ಸುಡುವಂಥ ನೀರು ಸುರಿಯುತ್ತದೆ. ಗಾಬರಿಯಿಂದ ಅದನ್ನು ಮುಚ್ಚಿ ತಣ್ಣೀರಿನ ನಲ್ಲಿಯನ್ನು ತೆರೆದರೆ ಮತ್ತೆ ಚಳಿ. ತಾಪಕದಲ್ಲಿ ದೋಷವೇನೂ ಇಲ್ಲ. ನಾವು ಮಾಡಿದ ಕೆಲಸದ ಫಲವು ಉದ್ದನೆಯ ಕೊಳವೆಯನ್ನು ದಾಟಿ ನಮ್ಮನ್ನು ಮುಟ್ಟಲು ಕಾಲ ಹಿಡಿಯುತ್ತದೆ. ನಾವು ಆ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಫಲ ತಡವಾಗಿ ತಿಳಿಯುವ ವ್ಯವಸ್ಥೆಯನ್ನು ಆತುರದಿಂದ ತಿದ್ದಹೊರಟರೆ ಅದು ಆಂದೋಲನಕ್ಕೆ ಒಳಗಾಗುವುದೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿ.

ಸ್ನಾನದ ಮನೆಯಲ್ಲಿ ಕಾಣುವ ಈ ನಿಯಮವೇ ಕಾರ್ಖಾನೆಗಳಲ್ಲಿಯೂ ಸಾವಿರಾರು ಜನರ ಅನ್ನವನ್ನು ಏರುಪೇರು ಮಾಡಬಲ್ಲುದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳಿದ್ದವು. 1950ರ ದಶಕದಲ್ಲಿ ಅವುಗಳ ವ್ಯವಸ್ಥಾಪಕರನ್ನು ಒಂದು ಒಗಟು ಕಾಡುತ್ತಿತ್ತು. ಒಂದು ಕಾಲಕ್ಕೆ ಮೂರು ನಾಲ್ಕು ಪಾಳಿಗಳಲ್ಲಿ ಕೆಲಸ. ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಅರ್ಧದಷ್ಟು ಕೆಲಸಗಾರರಿಗೆ ಮನೆಯ ದಾರಿ. ದೇಶದ ವ್ಯಾಪಾರದ ಏರಿಳಿತವೇ ಇದಕ್ಕೆಲ್ಲ ಕಾರಣವೆಂಬ ವಿವರಣೆ ಅವರಿಗೆ ತೃಪ್ತಿಯನ್ನು ಕೊಡಲಿಲ್ಲ.

ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಜೇ ಫಾರೆಸ್ಟರ್ ಅವರ ಕಿವಿಗೆ ಈ ಮಾತು ಬಿತ್ತು. ಅವರು ವಿದ್ಯುತ್ ಎಂಜಿನಿಯರು. ವರ್ಲ್‌ವಿಂಡ್ ಎಂಬ ಆದಿಕಾಲದ ಗಣಕಯಂತ್ರವನ್ನು ಕಟ್ಟಿದ ತಂಡದ ಮುಖಂಡರು. ಕಾರ್ಖಾನೆಯವರು ದಾಸ್ತಾನನ್ನೂ ಕೆಲಸಗಾರರ ಸಂಖ್ಯೆಯನ್ನೂ ಯಾವ ನಿಯಮದಂತೆ ನಿರ್ಧರಿಸುತ್ತಾರೆಂಬುದನ್ನು ಅವರು ಕೇಳಿ ತಿಳಿದುಕೊಂಡರು. ಬಳಿಕ ಕಾಗದ ಪೆನ್ಸಿಲುಗಳನ್ನು ಹಿಡಿದು ವಾರವಾರದ ಲೆಕ್ಕವನ್ನು ಹಾಕುತ್ತ ಹೋದರು. ಹೊರಗಿನ ಬೇಡಿಕೆ ಸ್ಥಿರವಾಗಿದ್ದಾಗಲೂ ಒಳಗಿನ ನಿಯಮಗಳಿಂದಲೇ ಉದ್ಯೋಗದಲ್ಲಿ ಏರಿಳಿತ ಹುಟ್ಟಬಲ್ಲುದೆಂದು ಆ ಲೆಕ್ಕ ತೋರಿಸಿತು. ಈ ವಿಚಾರವನ್ನು ಅವರು 1961ರಲ್ಲಿ ಪ್ರಕಟವಾದ ‘ಇಂಡಸ್ಟ್ರಿಯಲ್ ಡೈನಮಿಕ್ಸ್’ ಎಂಬ ಗ್ರಂಥದಲ್ಲಿ ವಿಸ್ತರಿಸಿದರು.

ಅಂಥದೇ ಒಂದು ಸಣ್ಣ ಲೆಕ್ಕವನ್ನು ನಾವೂ ಮಾಡಿ ನೋಡೋಣ. ಸಾಬೂನಿನ ಪೆಟ್ಟಿಗೆಗಳ ಮಾರಾಟದಲ್ಲಿ ನಾಲ್ಕು ಕೊಂಡಿಗಳಿವೆಯೆಂದು ಭಾವಿಸಿರಿ: ಅಂಗಡಿಕಾರ, ವಿತರಕ, ಸಗಟು ವ್ಯಾಪಾರಿ ಮತ್ತು ಕಾರ್ಖಾನೆ. ಅಂಗಡಿಕಾರನು ವಿತರಕನಿಂದಲೂ, ವಿತರಕನು ಸಗಟು ವ್ಯಾಪಾರಿಯಿಂದಲೂ, ಅವನು ಕಾರ್ಖಾನೆಯಿಂದಲೂ ಸರಕನ್ನು ತರಿಸುತ್ತಾರೆ. ವಾರದ ಕೊನೆಗೆ, ಆ ವಾರ ತನ್ನಿಂದ ಎಷ್ಟು ಸರಕು ಹೋಯಿತೋ ಅಷ್ಟೇ ದಾಸ್ತಾನು ಉಳಿದಿರಬೇಕೆಂಬುದು ಪ್ರತಿಯೊಬ್ಬನ ನಿಯಮ. ವಾರಕ್ಕೆ 100 ಪೆಟ್ಟಿಗೆಗಳು ಮಾರುತ್ತಿರುವವರೆಗೆ ಎಲ್ಲವೂ ನೆಟ್ಟಗೆ ನಡೆಯುತ್ತದೆ. ಎಲ್ಲರ ಬಳಿಯೂ ನೂರು ಪೆಟ್ಟಿಗೆಗಳ ದಾಸ್ತಾನಿದೆ. ಎಲ್ಲರೂ ನೂರನ್ನೇ ತರಿಸುತ್ತಾರೆ.

ಒಂದು ವಾರ ಮಾರಾಟವು 110ಕ್ಕೆ ಏರಿ ಅಲ್ಲಿಯೇ ನಿಂತಿತೆನ್ನೋಣ. ಅಂಗಡಿಕಾರನು ಮಾರಿದ 110ನ್ನು ತುಂಬಿಸಿಕೊಳ್ಳಬೇಕು. ದಾಸ್ತಾನನ್ನೂ 10ರಷ್ಟು ಹೆಚ್ಚಿಸಬೇಕು. ಆದುದರಿಂದ ಅವನ ಬೇಡಿಕೆ 120. ವಿತರಕನಿಗೆ ಗ್ರಾಹಕರು ಕಾಣುವುದಿಲ್ಲ. ಅವನಿಗೆ ಕಾಣುವುದು ಈ 120 ಮಾತ್ರ. ಅವನು ದಾಸ್ತಾನಿಗೆ 20ನ್ನು ಸೇರಿಸಿ 140ನ್ನು ಕೇಳುತ್ತಾನೆ. ಸಗಟು ವ್ಯಾಪಾರಿಯು ಇದೇ ರೀತಿಯಲ್ಲಿ 180ನ್ನು ಕೇಳುತ್ತಾನೆ. ಕಾರ್ಖಾನೆ ತಯಾರಿಸಬೇಕಾದುದು 260! ಗ್ರಾಹಕರು ನೂರಕ್ಕೆ ಹತ್ತರಷ್ಟು ಹೆಚ್ಚಾಗಿ ಕೊಂಡರೆ ಕಾರ್ಖಾನೆಯ ಉತ್ಪನ್ನ ಎರಡೂವರೆ ಪಟ್ಟನ್ನೂ ಮೀರಿತು.

ಎರಡನೆಯ ವಾರವೂ ಮಾರಾಟ 110. ಅಂಗಡಿಕಾರನ ದಾಸ್ತಾನು ಸರಿಯಾಗಿರುವುದರಿಂದ ಅವನು 110ನ್ನೇ ಕೇಳುತ್ತಾನೆ. ವಿತರಕನ ಬಳಿ 120 ಇದೆ, ಬೇಕಾದುದು 110. ಅವನು 100ನ್ನು ಮಾತ್ರ ಕೇಳುತ್ತಾನೆ. 140ರ ದಾಸ್ತಾನುಳ್ಳ ಸಗಟು ವ್ಯಾಪಾರಿಗೆ 60 ಸಾಕು. ಕಾರ್ಖಾನೆಯ ಗೋದಾಮಿನಲ್ಲಿ 180 ಬಿದ್ದಿದೆ. 60ನ್ನು ಕಳುಹಿಸಿದ ಮೇಲೂ 120 ಉಳಿಯುತ್ತದೆ. ಆ ವಾರ ಅದು ಒಂದು ಪೆಟ್ಟಿಗೆಯನ್ನೂ ಮಾಡಬೇಕಾಗಿಲ್ಲ. ಹಿಂದಿನ ವಾರ ರಾತ್ರಿ ಹಗಲು ದುಡಿದವರಿಗೆ ಈ ವಾರ ಕೆಲಸವಿಲ್ಲ. ಅತ್ತ ಅಂಗಡಿಯಲ್ಲಿ ಮಾರಾಟವು ಒಂದಿಷ್ಟೂ ಕುಗ್ಗಿಲ್ಲ!

ಇದು ಕೇವಲ ಕಾಗದದ ಮೇಲಿನ ಕಥೆಯಲ್ಲ. ಶಿಶುಗಳ ಒಳಬಟ್ಟೆಗಳನ್ನು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯವರು ಇದನ್ನು ಪ್ರತ್ಯಕ್ಷವಾಗಿ ಕಂಡರು. ಕೂಸುಗಳು ಒಂದೇ ಗತಿಯಲ್ಲಿ ಬಟ್ಟೆಗಳನ್ನು ಒದ್ದೆಮಾಡುತ್ತವೆ. ಆದರೂ ವಿತರಕರಿಂದ ಬರುವ ಬೇಡಿಕೆ ವಿಪರೀತವಾಗಿ ಏರಿಳಿಯುತ್ತಿತ್ತು. ಬಾರುಕೋಲಿನ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ಬಾರಿನ ತುದಿ ಮಾರುದ್ದ ಹಾರುವುದಷ್ಟೆ. ಅದರಂತೆಯೇ ಕಾಣುವ ಇದಕ್ಕೆ ‘ಬಾರುಕೋಲಿನ ಪರಿಣಾಮ’ ಎಂಬ ಹೆಸರು ಬಂದಿದೆ.

ಹಾಗಾದರೆ ಪರಿಹಾರವೇನು? ಮೇಲಿನ ಲೆಕ್ಕದಲ್ಲಿ ಒಂದೇ ಒಂದು ಬದಲಾವಣೆಯನ್ನು ಮಾಡೋಣ. ಅಂಗಡಿಯಲ್ಲಿ 110 ಮಾರಿತೆಂಬ ಸುದ್ದಿ ನಾಲ್ವರಿಗೂ ಏಕಕಾಲದಲ್ಲಿ ತಿಳಿಯಲಿ. ಪ್ರತಿಯೊಬ್ಬರೂ ತಮ್ಮ ದಾಸ್ತಾನನ್ನು 110ಕ್ಕೆ ಮಾತ್ರ ಏರಿಸಲಿ. ಆಗ ಬೇಡಿಕೆಗಳು ಅನುಕ್ರಮವಾಗಿ 120, 130, 140. ಕಾರ್ಖಾನೆಯ ಉತ್ಪನ್ನ 150. ಮುಂದಿನ ವಾರ ಎಲ್ಲರಿಗೂ 110. ಮೊದಲು 260, ಆಮೇಲೆ ಸೊನ್ನೆ ಎಂಬ ಹೊಯ್ದಾಟದ ಬದಲಿಗೆ 150, ಆಮೇಲೆ 110. ಯಂತ್ರಗಳು ಅವೇ, ಲಾರಿಗಳು ಅವೇ, ಕೆಲಸಗಾರರೂ ಅವರೇ. ಸುದ್ದಿಯ ದಾರಿಯೊಂದೇ ಬದಲಾದದ್ದು.

ಇಂದು ಕೈಗಾರಿಕೆಗಳು ತಮ್ಮ ಪೂರೈಕೆಯ ಸರಪಳಿಯನ್ನು ಡಿಜಿಟಲ್ ಮಾಡುತ್ತಿರುವುದರ ತಿರುಳು ಇದೇ. ಅದರ ಮೊದಲ ದೊಡ್ಡ ಹೆಜ್ಜೆಯನ್ನು ಅಂಗಡಿಯಲ್ಲಿಯೇ ಇಟ್ಟರು. 1974ರ ಜೂನ್ 26ರಂದು ಅಮೆರಿಕದ ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನಲ್ಲಿ ಒಂದು ಚೂಯಿಂಗ್ ಗಮ್ ಕಟ್ಟಿನ ಮೇಲಿನ ಪಟ್ಟೆಗಳನ್ನು ಲೇಸರ್ ಕಿರಣದಿಂದ ಓದಲಾಯಿತು. ಕಪ್ಪು ಪಟ್ಟೆ ಬೆಳಕನ್ನು ಹೀರುತ್ತದೆ, ಬಿಳಿಯದು ಚೆದರಿಸುತ್ತದೆ. ಹಿಂದಿರುಗಿದ ಬೆಳಕಿನ ಹೆಚ್ಚು ಕಡಮೆಗಳೇ ವಿದ್ಯುತ್ ಸಂಕೇತವಾಗಿ ವಸ್ತುವಿನ ಸಂಖ್ಯೆಯನ್ನು ತಿಳಿಸುತ್ತವೆ. ಆಮೇಲೆ ರೇಡಿಯೋ ಚೀಟಿಗಳು ಬಳಕೆಗೆ ಬಂದವು. ಇವುಗಳಲ್ಲಿ ಹಲವಕ್ಕೆ ಬ್ಯಾಟರಿಯೇ ಬೇಡ. ಓದುವ ಯಂತ್ರದಿಂದ ಬಂದ ಅಲೆಗಳ ಶಕ್ತಿಯನ್ನೇ ಹಿಡಿದುಕೊಂಡು ಅವು ತಮ್ಮ ಸಂಖ್ಯೆಯನ್ನು ಮರಳಿ ಹೇಳುತ್ತವೆ. ವಸ್ತುವು ಗೋದಾಮಿನ ಬಾಗಿಲನ್ನು ದಾಟುವಾಗಲೇ ಅದರ ಸುದ್ದಿ ದೂರದ ಗಣಕಯಂತ್ರವನ್ನು ಸೇರುತ್ತದೆ.

ಆದರೆ ಸರಪಳಿಯ ಎಲ್ಲ ಕೊಂಡಿಗಳೂ ನಮಗೆ ಗೊತ್ತಿವೆಯೆ? ಜಪಾನಿನ ಟೊಯೋಟಾ ಕಂಪೆನಿಗೆ 2011ರಲ್ಲಿ ಈ ಪ್ರಶ್ನೆ ಎದುರಾಯಿತು. ಬಿಡಿಭಾಗಗಳನ್ನು ಬೇಕಾದಾಗ ಬೇಕಾದಷ್ಟೇ ತರಿಸುವ ಪದ್ಧತಿಗೆ ಅದು ಹೆಸರಾದುದು. ಗಣಕಯಂತ್ರಗಳು ಬರುವ ಮೊದಲೇ ಅದು ಕಾನ್‌ಬಾನ್ ಎಂಬ ಚೀಟಿಗಳ ಮೂಲಕ, ಖರ್ಚಾದ ಭಾಗದ ಸುದ್ದಿಯನ್ನು ಹಿಂದಿನ ಹಂತಕ್ಕೆ ಮುಟ್ಟಿಸುತ್ತಿತ್ತು. ಆ ವರ್ಷ ಮಾರ್ಚ್ 11ರ ಮಹಾಭೂಕಂಪದಲ್ಲಿ ಇಬಾರಾಕಿ ಪ್ರಾಂತದಲ್ಲಿರುವ ರೆನೆಸಾಸ್ ಕಂಪೆನಿಯ ನಾಕಾ ಕಾರ್ಖಾನೆ ಜಖಂಗೊಂಡಿತು. ಅಲ್ಲಿ ತಯಾರಾಗುತ್ತಿದ್ದುದು ಮೋಟಾರು ವಾಹನಗಳ ಯಂತ್ರವನ್ನು ನಿಯಂತ್ರಿಸುವ ಚಿಪ್ಪುಗಳು. ಅಲ್ಲಿ ಉತ್ಪಾದನೆ ಪುನಃ ಆರಂಭವಾದದ್ದು ಜೂನ್ ತಿಂಗಳಲ್ಲಿ. ತನಗೆ ನೇರವಾಗಿ ಭಾಗಗಳನ್ನು ಒದಗಿಸುವವರು ಯಾರೆಂಬುದನ್ನು ಟೊಯೋಟಾ ಬಲ್ಲುದು. ಅವರಿಗೆ ಒದಗಿಸುವವರು, ಅವರಿಗೂ ಹಿಂದಿನವರು ಯಾರೆಂಬುದು ಅದಕ್ಕೆ ಸ್ಪಷ್ಟವಾಗಿರಲಿಲ್ಲ. ಮರದ ಬೇರುಗಳಂತೆ ಕವಲೊಡೆಯುತ್ತ ಹರಡಿವೆಯೆಂದು ನಂಬಿದ್ದ ದಾರಿಗಳಲ್ಲಿ ಹಲವು ಆಳದಲ್ಲಿ ಒಂದೇ ಕಾರ್ಖಾನೆಗೆ ಹೋಗಿ ಕೂಡಿಕೊಂಡಿದ್ದವು. ಆ ಪಾಠದಿಂದ ಟೊಯೋಟಾ ಹಿಂದುಹಿಂದಿನ ಹಂತಗಳ ಪೂರೈಕೆದಾರರ ಹೆಸರು, ಸ್ಥಳ, ಭಾಗಗಳ ವಿವರಗಳನ್ನು ಕೂಡಿಸಿ ಒಂದು ದೊಡ್ಡ ದಾಖಲೆಯನ್ನು ರಚಿಸಿತು. ಎಲ್ಲಿಯಾದರೂ ಅವಘಡವಾದರೆ ಯಾವ ಭಾಗಕ್ಕೆ ಕುತ್ತೆಂಬುದು ಬೇಗನೆ ತಿಳಿಯಬೇಕೆಂಬುದು ಅದರ ಉದ್ದೇಶ.

ಸುದ್ದಿ ತಿಳಿದ ಮಾತ್ರಕ್ಕೆ ಎಲ್ಲ ಸಂಕಟವೂ ತೀರುವುದಿಲ್ಲ. 2020ರ ಸಾಂಕ್ರಾಮಿಕದ ಆರಂಭದಲ್ಲಿ ಅನೇಕ ಮೋಟಾರು ಕಂಪೆನಿಗಳು ಚಿಪ್ಪುಗಳ ಬೇಡಿಕೆಯನ್ನು ತಗ್ಗಿಸಿದವು. ಮಾರಾಟ ಚೇತರಿಸಿದಾಗ ಅವಸರದಿಂದ ಮತ್ತೆ ಕೇಳಿದವು. ಅಷ್ಟರಲ್ಲಿ ಚಿಪ್ಪಿನ ಕಾರ್ಖಾನೆಗಳು ಬೇರೆ ಗ್ರಾಹಕರ ಕೆಲಸದಲ್ಲಿ ತೊಡಗಿದ್ದವು. ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಕ್ರಿಯೆಗಳು ನಡೆದು ಚಿಪ್ಪು ಸಿದ್ಧವಾಗಲು ತಿಂಗಳುಗಳೇ ಬೇಕು. ಅಷ್ಟು ಮುನ್ನೆಚ್ಚರಿಕೆ ವಹಿಸಿದ್ದ ಟೊಯೋಟಾ ಕೂಡ 2021ರ ಸೆಪ್ಟೆಂಬರಿಗೆಂದು ಯೋಜಿಸಿದ್ದ ಉತ್ಪಾದನೆಯಲ್ಲಿ ನೂರಕ್ಕೆ 40ರಷ್ಟನ್ನು ಕಡಿತಗೊಳಿಸಬೇಕಾಯಿತು. ಸುದ್ದಿಯ ವಿಳಂಬವನ್ನು ಕ್ಷಣಕ್ಕೆ ಇಳಿಸಬಹುದು; ವಸ್ತುವು ರೂಪುಗೊಳ್ಳಲು ಬೇಕಾದ ಕಾಲವನ್ನು ಯಾವ ಗಣಕಯಂತ್ರವೂ ಅಳಿಸಲಾರದು. ಆದುದರಿಂದಲೇ ಎಷ್ಟು ನಿಚ್ಚಳವಾದ ಸುದ್ದಿಯಿದ್ದರೂ ಒಂದಿಷ್ಟು ದಾಸ್ತಾನು ಬೇಕೇ ಬೇಕು.

ಇನ್ನೊಂದು ತೊಡಕು ಮನುಷ್ಯರದು. ತನ್ನ ಗೋದಾಮಿನ ಲೆಕ್ಕ ದೊಡ್ಡ ಗ್ರಾಹಕನ ಕಣ್ಣಿಗೆ ಬಿದ್ದರೆ ಅವನು ಬೆಲೆಯನ್ನು ಇಳಿಸೆಂದು ಒತ್ತಾಯಿಸಬಹುದೆಂಬ ಅಂಜಿಕೆ ಸಣ್ಣ ಕಾರ್ಖಾನೆಯವನಿಗೆ ಸಹಜ. ಕೆಳಗಿನವನು ತನ್ನ ಲೆಕ್ಕವನ್ನು ತೆರೆದಿಡಬೇಕಾದರೆ ಮೇಲಿನವನೂ ತನ್ನ ನಿಜವಾದ ಬೇಡಿಕೆಯನ್ನು ತೆರೆದಿಡಬೇಕು. ಬೆಂಗಳೂರಿನ ಪೀಣ್ಯದಲ್ಲಿ ದೊಡ್ಡ ಕಂಪೆನಿಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಬಹಳ. ಇವು ಬಾರುಕೋಲಿನ ತುದಿಯಲ್ಲಿರುವವು. ಮುಂದಿನ ತಿಂಗಳು ಲೇತ್ ಯಂತ್ರ ತಿರುಗುವುದೋ ನಿಲ್ಲುವುದೋ ಎಂಬುದು ಅಲ್ಲಿನ ಕೆಲಸಗಾರನಿಗೆ ಬಾಡಿಗೆಯ, ಮಕ್ಕಳ ಶುಲ್ಕದ ಪ್ರಶ್ನೆ.

ವಿದ್ಯಾರ್ಥಿಗಳು ನಾಲ್ವರು ಗೆಳೆಯರನ್ನು ಸಾಲಾಗಿ ಕೂರಿಸಿ, ಮಾತಿಲ್ಲದೆ ಚೀಟಿಗಳ ಮೂಲಕ ಮಾತ್ರ ಬೇಡಿಕೆಯನ್ನು ಕಳುಹಿಸುವ ಆಟವನ್ನು ಆಡಿ ನೋಡಬೇಕು. ಕೆಲವೇ ಸುತ್ತುಗಳಲ್ಲಿ ಕೊನೆಯವನು ಮೊದಲನೆಯವನನ್ನು ಬಯ್ಯತೊಡಗುತ್ತಾನೆ. ಆಗ ಅಂಗಡಿಯ ಚೀಟಿಯನ್ನು ನಡುವೆ ಎಲ್ಲರಿಗೂ ಕಾಣುವಂತೆ ಇಟ್ಟು, ಮೇಲಿನ ಲೆಕ್ಕದಲ್ಲಿದ್ದಂತೆ ದಾಸ್ತಾನನ್ನು ಆ ಸಂಖ್ಯೆಗೇ ಸರಿಹೊಂದಿಸಿ, ಆಟವನ್ನು ಮತ್ತೆ ಆಡಿರಿ.