ನೀರಿನ ಮೇಲೆ ಬೋರಲಾಗಿ

ಈಜು ಬಾರದವನು ಸಮುದ್ರದ ವಿಷಯವಾಗಿ ಮಾತನಾಡುವುದು ಸ್ವಲ್ಪ ಅಧಿಕಪ್ರಸಂಗವೇ ಸರಿ. ನಾನು ಬಯಲುಸೀಮೆಯವನು. ನನಗೆ ಏಳು ವರ್ಷವಾಗಿದ್ದಾಗ ದೊಡ್ಡಪ್ಪನ ಮಗ ಊರ ಕೆರೆಯಲ್ಲಿ ಮುಳುಗಿ ತೀರಿಕೊಂಡ. ಮೊಣಕಾಲಿಗಿಂತ ಮೇಲೆ ನೀರಿರುವ ಕಡೆಗೆ ಹೋಗಕೂಡದೆಂದು ನಮ್ಮ ತಾಯಿ ಅಂದೇ ನನ್ನಿಂದ ಆಣೆ ಮಾಡಿಸಿಕೊಂಡರು. ಐವತ್ತು ವರ್ಷಕ್ಕೂ ಮಿಕ್ಕಿ ಆ ಮಾತನ್ನು ನಡೆಸಿಕೊಂಡು ಬಂದೆ. ಕಳೆದ ಚಳಿಗಾಲದಲ್ಲಿ ಅದನ್ನು ಮುರಿಯಬೇಕಾಗಿ ಬಂದದ್ದು ಹತ್ತು ವರ್ಷದ ಮೊಮ್ಮಗಳ ದೆಸೆಯಿಂದ. "ಅಜ್ಜ ಇಳಿದರೆ ಮಾತ್ರ ನಾನೂ ಇಳಿಯುತ್ತೇನೆ" ಎಂದು ಅವಳು ಹಟ ಹಿಡಿದಳು. ನನ್ನ ಹೆದರಿಕೆ ಆಗಲೇ ಅವಳ ಕಣ್ಣಿನಲ್ಲಿ ಬಿಡಾರ ಹೂಡಿದ್ದುದನ್ನು ಕಂಡು ನನಗೆ ನಾಚಿಕೆಯಾಯಿತು.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ಎಂಬ ದ್ವೀಪವಿದೆ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಯಂತ್ರದ ದೋಣಿಗಳು ಹೊಸಬರನ್ನು ಅಲ್ಲಿಗೆ ಕರೆದೊಯ್ಯುತ್ತವೆ. ದೇವಾಲಯದ 20 ಅಂತಸ್ತಿನ ಗೋಪುರ ಬೆನ್ನ ಹಿಂದೆ ಬೆರಳುದ್ದವಾಗಿ ಕರಗಿತು. ನಮ್ಮ ದೋಣಿ ದ್ವೀಪದ ಕಡಿದಾದ ಬಂಡೆಗಳ ಮಗ್ಗುಲಲ್ಲೇ ಲಂಗರು ಹಾಕಿತು.

ಈ ವಿಹಾರಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು. ಮುಳುಗುವ ಪ್ರಶ್ನೆಯೇ ಇಲ್ಲ. ಲೈಫ್ ಜಾಕೆಟ್ ತೊಟ್ಟು ನೀರಿನ ಮೇಲೆ ಬೋರಲಾಗಿ ತೇಲುತ್ತ, ಕೆಳಗಿನ ಲೋಕವನ್ನು ನೋಡುತ್ತಿರುವುದಷ್ಟೇ ಕೆಲಸ. ಇದಕ್ಕೆ ಬೇಕಾದ ಸಲಕರಣೆಗಳಲ್ಲಿ ಮುಖ್ಯವಾದವು ಎರಡು. ಒಂದು, ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ. ಗಾಳಿಯಿಂದ ಬರುವ ಬೆಳಕು ನಮ್ಮ ಕಣ್ಣಿನ ಮುಂದಿನ ಪೊರೆಯಲ್ಲಿ ಬಾಗುತ್ತದೆ. ಅದರಿಂದಲೇ ನೋಟ ಸ್ಪಷ್ಟ. ಬರಿಯ ಕಣ್ಣನ್ನು ನೀರಿನಲ್ಲಿ ತೆರೆದರೆ ಆ ಬಾಗು ಬಹುಮಟ್ಟಿಗೆ ಇಲ್ಲವಾಗಿ ಎಲ್ಲವೂ ಮಸುಕು. ಮುಖವಾಡದೊಳಗಿನ ಗಾಳಿ ಅದನ್ನು ಮರಳಿ ಕೊಡುತ್ತದೆ. ಜೊತೆಗೆ ಒಂದು ಸಣ್ಣ ಮೋಸವನ್ನೂ ಮಾಡುತ್ತದೆ: ಪ್ರತಿಯೊಂದು ವಸ್ತುವೂ ಮೂರನೆಯ ಒಂದು ಪಾಲಿನಷ್ಟು ದೊಡ್ಡದಾಗಿ ತೋರುತ್ತದೆ. ನಾನು ಕಂಡ ಮೀನುಗಳ ಗಾತ್ರವನ್ನು ಕೇಳುಗರು ಆ ಲೆಕ್ಕದಲ್ಲಿ ತಗ್ಗಿಸಿಕೊಳ್ಳಬೇಕು. ಗಾಜು ಮಂಜಾಗದಿರಲು ಒಳಗೆ ಉಗುಳಿ ತೊಳೆಯಬೇಕೆಂಬುದು ಅಲ್ಲಿನ ಶಾಸ್ತ್ರ, ಮಡಿವಂತರು ಮನ್ನಿಸಬೇಕು.

ಎರಡನೆಯದು ಉಸಿರಾಟದ ಕೊಳವೆ. ಒಂದಡಿಗಿಂತ ಸ್ವಲ್ಪ ಉದ್ದ, ಅಷ್ಟೆ. ಇನ್ನೂ ಉದ್ದವಿದ್ದರೆ ಆಳಕ್ಕೂ ಹೋಗಬಹುದಲ್ಲ ಎಂದು ನಮ್ಮನ್ನು ಕರೆದೊಯ್ದ ಕರಾವಳಿಯ ತರುಣನನ್ನು ಕೇಳಿದೆ. ಅವನು ನಕ್ಕುಬಿಟ್ಟ. ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಸ್ತಂಭನದ ಮಂತ್ರ ಗೊತ್ತಿತ್ತು, ನಮಗೆ ಗೊತ್ತಿಲ್ಲ. ಒಂದು ಮೀಟರ್ ಆಳದಲ್ಲೇ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಮಿನಷ್ಟು ಹೆಚ್ಚಿನ ಭಾರ ಬೀಳುತ್ತದೆ. ಆ ಭಾರವನ್ನೆತ್ತಿ ಮೇಲಿನ ಗಾಳಿಯನ್ನು ಬಹಳ ಹೊತ್ತು ಒಳಗೆಳೆಯುವ ಶಕ್ತಿ ನಮ್ಮ ಎದೆಗಿಲ್ಲ.

ನೀರಿಗಿಳಿದೆ. ಮುಖವನ್ನು ಒಳಗಿಟ್ಟ ಕ್ಷಣದಲ್ಲಿ ದೊಡ್ಡಪ್ಪನ ಮಗನ ನೆನಪು ನುಗ್ಗಿ ಬಂತು. ನಾಯಿಯಂತೆ ಏದತೊಡಗಿದೆ. ಕೊಳವೆ ಬಾಯಲ್ಲಿದೆ, ಗಾಳಿ ಬರುತ್ತಿದೆ, ಆದರೂ ಉಸಿರು ಸಾಲದು! ಇದೆಂಥ ಮಾಯೆ? ಕಾರಣವನ್ನು ಆಮೇಲೆ ತಿಳಿದುಕೊಂಡೆ. ಸಹಜವಾಗಿ ನಾವು ಒಂದು ಸಲಕ್ಕೆ ಸುಮಾರು 500 ಮಿಲಿಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತೇವೆ. ಅದರಲ್ಲಿ 150ರಷ್ಟು ಗಂಟಲು ಶ್ವಾಸನಾಳಗಳಲ್ಲೇ ನಿಂತು ಹಾಗೆಯೇ ಹೊರಬೀಳುತ್ತದೆ. ಕೊಳವೆ ಆ ನಾಳವನ್ನು ಇನ್ನಷ್ಟು ಉದ್ದಮಾಡುತ್ತದೆ, ವ್ಯರ್ಥವಾಗುವ ಪಾಲೂ ಹೆಚ್ಚುತ್ತದೆ. ಹೆದರಿದವನು ಮೇಲುಸಿರು ಬಿಡುತ್ತಾನೆ; ಆ ಗಿಡ್ಡ ಉಸಿರಿನಲ್ಲಿ ಹಳಸಿದ ಗಾಳಿಯೇ ಕೊಳವೆಯೊಳಗೆ ಹೋಗಿಬಂದು ಮಾಡುತ್ತದೆ. ರಕ್ತದಲ್ಲಿ ಇಂಗಾಲಾಮ್ಲ ಏರುತ್ತದೆ, ಅದು ಏರಿದಂತೆ ಉಸಿರುಕಟ್ಟಿದ ಭಾವನೆ, ಅದರಿಂದ ಮತ್ತಷ್ಟು ಹೆದರಿಕೆ.

ತರುಣ ನನ್ನ ಭುಜ ಹಿಡಿದು ತಲೆಯೆತ್ತಿಸಿದ. "ಅಡ್ಡಿಲ್ಲ ಸರ್. ಎಳೆದುಕೊಳ್ಳುವ ಯೋಚನೆ ಬಿಡಿ. ನಿಧಾನವಾಗಿ, ಪೂರ್ತಿ ಹೊರಗೆ ಬಿಡಿ. ಒಳಗೆ ಬರುವುದು ತನ್ನಷ್ಟಕ್ಕೆ ಬರುತ್ತದೆ" ಎಂದ. ದೋಣಿಯ ಹಗ್ಗ ಹಿಡಿದು ಮತ್ತೆ ಮುಖವಿಟ್ಟೆ. ಮನಸ್ಸಿನಲ್ಲೇ ನಾಲ್ಕೆಣಿಸುತ್ತ ಉಸಿರು ಬಿಟ್ಟೆ. ಹತ್ತನೆಯ ಸಲಕ್ಕೋ ಹನ್ನೆರಡನೆಯ ಸಲಕ್ಕೋ ಕಾಲು ಸಡಿಲವಾಯಿತು, ಕತ್ತು ಸಡಿಲವಾಯಿತು. ಹಗ್ಗವನ್ನು ಯಾವಾಗ ಬಿಟ್ಟೆನೋ ಗೊತ್ತಾಗಲಿಲ್ಲ.

ಕೆಳಗೆ ಬಂಡೆಗಳ ಸಂದಿಯಲ್ಲಿ ಗಿಳಿಮೀನೊಂದು ಕೊಕ್ಕಿನಂಥ ಬಾಯಿಯಿಂದ ಬಂಡೆಯನ್ನು ಕೆರೆಯುತ್ತಿತ್ತು. ಹಳದಿ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸುಳಿದವು. ಹವಳವೆಂದರೆ ಉಂಗುರದ ಕಲ್ಲೆಂದೇ ನಾವು ತಿಳಿದದ್ದು. ಅದು ಸಾವಿರಾರು ಕಿರುಜೀವಿಗಳ ಸಂಸಾರ. ಅವುಗಳ ಒಡಲೊಳಗೆ ಕಣ್ಣಿಗೆ ಕಾಣದ ಪಾಚಿ ಬಾಳುತ್ತ ಅವಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುತ್ತದೆ. ನೀರು ಬಹುಕಾಲ ಬಿಸಿಯಾಗಿದ್ದರೆ ಪಾಚಿಯನ್ನು ಹೊರದೂಡಿ ಹವಳ ಬಿಳುಚುತ್ತದೆ; ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹಾಗೆ ಆಯಿತು. ಆ ಬಿಸಿಯನ್ನು ಇಳಿಸುವುದು ನಮ್ಮಂಥ ಒಬ್ಬಿಬ್ಬರ ಕೈಯಲ್ಲಿಲ್ಲ. ಆದರೆ ಗಾಬರಿಯಲ್ಲಿ ಕಾಲೂರಲು ತಡಕಾಡುವ ಹೊಸಬನ ಒಂದೇ ಒದೆತಕ್ಕೆ ಎಷ್ಟೋ ವರ್ಷಗಳ ಬೆಳವಣಿಗೆ ಮುರಿದುಬೀಳುತ್ತದೆ. ನೀರಿಗಿಳಿಯುವ ಮೊದಲೇ ಆ ತರುಣ ಯಾವುದನ್ನೂ ಮುಟ್ಟಬೇಡಿ, ಮೆಟ್ಟಬೇಡಿ ಎಂದು ಮೂರು ಸಲ ಹೇಳಿದ್ದು ಇದಕ್ಕೇ.

ಉಬ್ಬಸವಿರುವವರು, ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಹೊರಡಬೇಕು. ತುಂಬುತೋಳಿನ ಅಂಗಿ ತೊಡದಿದ್ದರೆ ಬೆನ್ನು ಸುಟ್ಟು ಮೂರು ದಿನ ಮಲಗಲಾಗದು, ಇದು ಸ್ವಾನುಭವ.

ಪಕ್ಕದಲ್ಲಿ ಏನೋ ತಗಲಿತು. ಮೊಮ್ಮಗಳ ಕೈ. ಅವಳು ಎಷ್ಟು ಹೊತ್ತಿನಿಂದ ಅಲ್ಲಿ ತೇಲುತ್ತಿದ್ದಳೋ! ದೋಣಿ ಹತ್ತಿದ ಮೇಲೆ, ಕೂದಲಿನ ನೀರನ್ನು ಹಿಂಡಿಕೊಳ್ಳುತ್ತ, "ಅಜ್ಜ, ನೀನು ನೀರಿನಲ್ಲಿ ಗೊರಕೆ ಹೊಡೆಯುತ್ತಿದ್ದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.